ಹಳೆಯ ಅನಲಾಗ್ ಸಿಂಥಸೈಜರ್: ಮಾರುವವರ ಮಾತು, ಮಾಪಕದ ಮಾತು

ವಿಜ್ಞಾನದ ಅಧ್ಯಾಪಕರು ಜಾಹೀರಾತುಗಳನ್ನು ಓದುವ ಅಭ್ಯಾಸ ಇಟ್ಟುಕೊಳ್ಳಬೇಕು. ನಾವು ಕಪ್ಪುಹಲಗೆಯ ಮೇಲೆ ಬರೆದು ಅಳಿಸುವ ಸಮೀಕರಣಗಳು ಹೊರಗೆ ಎಲ್ಲೆಲ್ಲಿ ಹಣವಾಗಿ ಓಡಾಡುತ್ತಿವೆ ಎಂಬುದು ಅಲ್ಲಿ ತಿಳಿಯುತ್ತದೆ. ಅಮೆರಿಕ, ಯೂರೋಪು ಮತ್ತು ಜಪಾನುಗಳಲ್ಲಿ ಭರದಿಂದ ನಡೆಯುತ್ತಿರುವ ಹಳೆಯ ಅನಲಾಗ್ ಸಿಂಥಸೈಜರುಗಳ ಮರುಮಾರಾಟ ಇದಕ್ಕೆ ಒಳ್ಳೆಯ ಉದಾಹರಣೆ. 1970 ಮತ್ತು 80ರ ದಶಕಗಳಲ್ಲಿ ತಯಾರಾದ ಈ ವಿದ್ಯುನ್ಮಾನ ವಾದ್ಯಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಒಂದೆರಡು ಹೊಸ ಸೌಲಭ್ಯಗಳನ್ನೂ ಸೇರಿಸಿ ಮಾರುತ್ತಾರೆ. ಹೆಸರುವಾಸಿ ಮಾದರಿಗಳಿಗೆ ಹಲವು ಸಾವಿರ ಡಾಲರ್ ಬೆಲೆ ಕೇಳುವುದುಂಟು. ಜೊತೆಗೆ ಕೊಡುವ ವಿವರಣೆಯಲ್ಲಿ ಎರಡು ಪದಗಳು ಮತ್ತೆ ಮತ್ತೆ ಬರುತ್ತವೆ: ರೆಸ್ಟೋರ್ಡ್ ಮತ್ತು ಅಪ್‌ಗ್ರೇಡೆಡ್. ಮೊದಲಿನ ಸ್ಥಿತಿಗೆ ತಂದದ್ದು ಮತ್ತು ಮೊದಲಿಗಿಂತ ಉತ್ತಮಪಡಿಸಿದ್ದು ಎಂದು ಅವುಗಳ ಅರ್ಥ. ಈ ಲೇಖನದಲ್ಲಿ ನಾನು ಪರಿಶೀಲಿಸಲು ಹೊರಟಿರುವುದು ಈ ಎರಡು ಪದಗಳನ್ನೇ. ಒಂದೇ ವಾದ್ಯದ ಒಂದೇ ಭಾಗದ ಬಗ್ಗೆ ಇವೆರಡನ್ನೂ ಒಟ್ಟಿಗೆ ಹೇಳಲು ಬಾರದು ಎಂಬುದು ನನ್ನ ವಾದ.

ವೀಣೆಯನ್ನು ನೆನೆಯಿರಿ. ವರ್ಷಗಳು ಕಳೆದು ಮೇಣ ಸಡಿಲವಾಗಿ ಮೆಟ್ಟಿಲುಗಳು ಜರುಗಿದಾಗ ಮತ್ತೆ ಮೇಳ ಕಟ್ಟಿಸುತ್ತಾರೆ. ಅದು ವಾದ್ಯವನ್ನು ಮೊದಲಿನ ಸ್ಥಿತಿಗೆ ತರುವ ಕೆಲಸ. ಅದೇ ವೀಣೆಗೆ ಮೈಕ್ ಜೋಡಿಸಿ ಆಂಪ್ಲಿಫೈಯರಿಗೆ ತಂತಿ ಎಳೆದರೆ ಅದು ಬೇರೆಯ ಕೆಲಸ. ಎರಡೂ ತಪ್ಪಲ್ಲ. ಆದರೆ ಎರಡನೆಯದನ್ನು ಮಾಡಿಸಿ ಮೊದಲನೆಯದರ ಹೆಸರಿನಲ್ಲಿ ಮಾರಿದರೆ ಕೊಳ್ಳುವವರು ಪ್ರಶ್ನೆ ಕೇಳದೆ ಇರುವುದಿಲ್ಲ. ಸಿಂಥಸೈಜರಿನ ಮಾರುಕಟ್ಟೆಯಲ್ಲಿ ಆ ಪ್ರಶ್ನೆಯನ್ನು ಕೇಳುವವರು ಕಡಿಮೆ. ವಾದ್ಯದ ಒಳಗಿರುವುದು ಮೇಣವಲ್ಲ, ಟ್ರಾನ್ಸಿಸ್ಟರ್. ಅದರ ಜರುಗುವಿಕೆ ಕಣ್ಣಿಗೆ ಕಾಣುವುದಿಲ್ಲ.

ಮಿನಿಮೋಗ್ ಮತ್ತು 18 ಮಿಲಿವೋಲ್ಟ್

ಒಂದು ನಿರ್ದಿಷ್ಟ ವಾದ್ಯವನ್ನು ಎದುರಿಗಿಟ್ಟುಕೊಳ್ಳೋಣ. ಈ ಮಾರುಕಟ್ಟೆಯಲ್ಲಿ ಅತ್ಯಂತ ಗೌರವ ಪಡೆದಿರುವವುಗಳಲ್ಲಿ ಮಿನಿಮೋಗ್ ಮಾಡೆಲ್ ಡಿ ಒಂದು. 1970ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರೂಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ರೂಪುಗೊಂಡ ಈ ವಾದ್ಯ 1981ರವರೆಗೆ ತಯಾರಾಯಿತು. ಒಟ್ಟು 12,000ಕ್ಕೂ ಹೆಚ್ಚು. ಇದರ ಹಿಂದಿದ್ದ ರಾಬರ್ಟ್ ಮೋಗ್ (1934–2005) ಭೌತವಿಜ್ಞಾನ ಓದಿದವರು; ಕಾರ್ನೆಲ್ ವಿಶ್ವವಿದ್ಯಾಲಯದಿಂದ 1965ರಲ್ಲಿ ಎಂಜಿನಿಯರಿಂಗ್ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಅವರ ಹೆಸರನ್ನು ‘ಮೂಗ್’ ಎಂದು ಓದುವವರೇ ಹೆಚ್ಚು. ಅವರು ಸ್ವತಃ ಹೇಳುತ್ತಿದ್ದುದು ‘ಮೋಗ್’ ಎಂದು.

ವಾದ್ಯದ ಒಳಗೆ ಮೂರು ಆಂದೋಲಕಗಳಿವೆ. ಅವುಗಳ ಧ್ವನಿ ಒಂದು ಫಿಲ್ಟರಿನ ಮೂಲಕ ಹಾದು, ವರ್ಧಕಕ್ಕೆ ಬಂದು ಹೊರಬೀಳುತ್ತದೆ. ಆಂದೋಲಕದ ತತ್ತ್ವ ಸರಳ. ಒಂದು ಕೆಪಾಸಿಟರನ್ನು ವಿದ್ಯುತ್ ಪ್ರವಾಹ ತುಂಬುತ್ತದೆ, ಗೊತ್ತಾದ ಮಟ್ಟ ಮುಟ್ಟಿದೊಡನೆ ಅದು ಥಟ್ಟನೆ ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಗರಗಸದ ಹಲ್ಲಿನಂಥ ತರಂಗ ಹುಟ್ಟುತ್ತದೆ. ಪ್ರವಾಹ ಇಮ್ಮಡಿಯಾದರೆ ಆವೃತ್ತಿಯೂ ಇಮ್ಮಡಿ, ಅಂದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ.

ಕೀಲಿಮಣೆಯ ಕಡೆಯ ಲೆಕ್ಕವೇ ಬೇರೆ. ಅಲ್ಲಿ ಒಂದು ಸ್ಥಾಯಿಗೆ ಒಂದು ವೋಲ್ಟ್. ಮೂರು ಸ್ಥಾಯಿ ಮೇಲೇರಿದರೆ ವೋಲ್ಟೇಜ್ 3 ವೋಲ್ಟ್‌ನಷ್ಟು ಹೆಚ್ಚುತ್ತದೆ, ಆದರೆ ಆವೃತ್ತಿ 8 ಪಟ್ಟಾಗಬೇಕು. ಸಂಕಲನವನ್ನು ಗುಣಾಕಾರವಾಗಿಸುವ ಸಾಧನ ಬೇಕು. ಅಂಥ ಸಾಧನವನ್ನು ನಿಸರ್ಗವೇ ಒದಗಿಸಿದೆ. ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್‌ಗಳ ನಡುವಿನ ವೋಲ್ಟೇಜ್ ಸಮಾನಾಂತರವಾಗಿ ಏರಿದರೆ ಕಲೆಕ್ಟರ್ ಪ್ರವಾಹ ಘಾತೀಯವಾಗಿ ಏರುತ್ತದೆ. ಪದವಿ ತರಗತಿಗಳಲ್ಲಿ ನಾವು ಡಯೋಡಿನ ಸಮೀಕರಣವೆಂದು ಬರೆಸಿ, ಪರೀಕ್ಷೆಗೆ ಬರುತ್ತದೆ ಎಂದು ಹೇಳಿ ಮುಂದೆ ಹೋಗುತ್ತೇವಲ್ಲ, ಅದೇ ಇದು.

ಆ ಸಮೀಕರಣದ ಘಾತದಲ್ಲಿ ತಾಪ ಕುಳಿತಿದೆ. ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ನಿರಪೇಕ್ಷ ತಾಪದಿಂದ ಗುಣಿಸಿ ಎಲೆಕ್ಟ್ರಾನಿನ ಆವೇಶದಿಂದ ಭಾಗಿಸಿದರೆ ಬರುವುದು ಔಷ್ಣೀಯ ವೋಲ್ಟೇಜ್. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 300 ಕೆಲ್ವಿನ್‌ನಲ್ಲಿ, ಇದು ಸುಮಾರು 26 ಮಿಲಿವೋಲ್ಟ್. ಪ್ರವಾಹ ಇಮ್ಮಡಿಯಾಗಲು ಇದರ 0.693ರಷ್ಟು ಸಾಕು, ಸುಮಾರು 18 ಮಿಲಿವೋಲ್ಟ್. ಕೀಲಿಮಣೆಯ ಒಂದು ವೋಲ್ಟನ್ನು ರೋಧಕಗಳಿಂದ 18 ಮಿಲಿವೋಲ್ಟಿಗೆ ಇಳಿಸಿ ಟ್ರಾನ್ಸಿಸ್ಟರಿಗೆ ಉಣಿಸುತ್ತಾರೆ. ಇಡೀ ವಾದ್ಯದ ಶ್ರುತಿ ನಿಂತಿರುವುದು ಈ ಪುಟ್ಟ ಸಂಖ್ಯೆಯ ಮೇಲೆ.

ಈಗ ತೊಂದರೆಯನ್ನು ನೋಡಿ. ಪ್ರವಾಹ ಬದಲಾಗದೆ ಇರಬೇಕಾದರೆ, ಟ್ರಾನ್ಸಿಸ್ಟರ್ ಒಂದು ಡಿಗ್ರಿ ಬಿಸಿಯಾದಾಗ ಅದರ ಬೇಸ್ ವೋಲ್ಟೇಜು ಸುಮಾರು 2 ಮಿಲಿವೋಲ್ಟ್ ಇಳಿಯಬೇಕು. ವೋಲ್ಟೇಜನ್ನು ಹಾಗೆಯೇ ಬಿಟ್ಟರೆ ಸ್ವರ ಸ್ಥಾಯಿಯ ಒಂಬತ್ತನೆಯ ಒಂದು ಭಾಗದಷ್ಟು ಏರುತ್ತದೆ. ಒಂದು ಡಿಗ್ರಿಗೆ ಒಂದು ಅರ್ಧಸ್ವರಕ್ಕಿಂತ ಹೆಚ್ಚು! ಇದನ್ನು ತಪ್ಪಿಸಲು ಒಂದೇ ಬಗೆಯ ಎರಡು ಟ್ರಾನ್ಸಿಸ್ಟರುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಜೋಡಿಸುತ್ತಾರೆ; ಒಂದರ ಏರಿಕೆಯನ್ನು ಇನ್ನೊಂದು ಕಳೆಯುತ್ತದೆ. ಆದರೂ ಔಷ್ಣೀಯ ವೋಲ್ಟೇಜ್ ಉಳಿದೇ ಉಳಿಯುತ್ತದೆ. ಅದು ಪ್ರತಿ ಕೆಲ್ವಿನ್‌ಗೆ ಮುನ್ನೂರರಲ್ಲಿ ಒಂದು ಪಾಲು ಬದಲಾಗುತ್ತದೆ. ಒಂದು ಸ್ಥಾಯಿಯನ್ನು 1200 ಸೆಂಟ್‌ಗಳಾಗಿ ಭಾಗಿಸುವುದು ವಾಡಿಕೆ. ಹಾಗಾಗಿ ಒಂದು ಸ್ಥಾಯಿಯ ಅಂತರದಲ್ಲಿ ಡಿಗ್ರಿಗೆ 4 ಸೆಂಟ್, ಮೂರು ಸ್ಥಾಯಿಗಳಲ್ಲಿ 12 ಸೆಂಟ್ ದೋಷ. ನಮ್ಮ ಸಂಗೀತಶಾಸ್ತ್ರದಲ್ಲಿ ಪ್ರಮಾಣ ಶ್ರುತಿ ಎನ್ನುವ 81/80ರ ಅಂತರ ಸುಮಾರು 21.5 ಸೆಂಟ್. ವೇದಿಕೆಯ ದೀಪಗಳು ಹತ್ತಿ ವಾದ್ಯ ಆರು ಡಿಗ್ರಿ ಬಿಸಿಯಾದರೆ ಒಂದೇ ಸ್ಥಾಯಿಯೊಳಗೆ ಪ್ರಮಾಣ ಶ್ರುತಿಯನ್ನು ದಾಟಿದ ಅಪಶ್ರುತಿ ಬಂದಿರುತ್ತದೆ. ತಾಪದೊಡನೆ ತಕ್ಕಷ್ಟೇ ಬೆಳೆಯುವ ವಿಶೇಷ ರೋಧಕವನ್ನು ಹಾಕಿ ಇದನ್ನೂ ಬಹುಮಟ್ಟಿಗೆ ಸರಿದೂಗಿಸಬಹುದು. ಮಿನಿಮೋಗ್‌ನ ಕೊನೆಯ ಮಾದರಿಯ ಆಂದೋಲಕ ಫಲಕದಲ್ಲಿ ಬೇರೊಂದು ಉಪಾಯವಿತ್ತು. ಮ್ಯೂ-ಎ-726 ಎಂಬ ಚಿಪ್ಪು ತನ್ನೊಳಗಿನ ಟ್ರಾನ್ಸಿಸ್ಟರ್ ಜೋಡಿಯನ್ನು ತಾನೇ ಕಾಯಿಸಿ ಒಂದೇ ತಾಪದಲ್ಲಿ ಇಡುತ್ತದೆ. ಸುತ್ತಲಿನ ಕೋಣೆ ತಣ್ಣಗಿದ್ದರೇನು, ಬಿಸಿಯಿದ್ದರೇನು, ಒಲೆ ಒಳಗೇ ಇದೆ.

ಇಷ್ಟು ದೀರ್ಘವಾಗಿ ಬರೆದುದಕ್ಕೆ ಕಾರಣವಿದೆ. ಮಾರಾಟದ ವಿವರಣೆಗಳಲ್ಲಿ ಎದ್ದು ಕಾಣುವ ವಿರೋಧಾಭಾಸ ಇಲ್ಲಿಯೇ ಹುಟ್ಟುವುದು. ಒಂದು ಸಾಲಿನಲ್ಲಿ, ಈ ವಾದ್ಯದ ಆಂದೋಲಕಗಳು ಜೀವಂತವಾಗಿ ತೇಲುತ್ತವೆ, ಆದ್ದರಿಂದಲೇ ಧ್ವನಿ ‘ಬೆಚ್ಚಗೆ’ ಇದೆ ಎಂದಿರುತ್ತದೆ. ಮುಂದಿನ ಸಾಲಿನಲ್ಲಿ, ಆಂದೋಲಕಗಳನ್ನು ಉನ್ನತೀಕರಿಸಲಾಗಿದೆ, ಶ್ರುತಿ ಈಗ ಬಂಡೆಯಂತೆ ಸ್ಥಿರ ಎಂದಿರುತ್ತದೆ. ಎರಡಕ್ಕೂ ಸೇರಿಸಿಯೇ ಬೆಲೆ. ಕೊಳ್ಳುವವರು ಕೊಡುತ್ತಿರುವ ಹಣ ತೇಲುವಿಕೆಗೋ, ಅದನ್ನು ತೆಗೆದುಹಾಕಿದ್ದಕ್ಕೋ?

‘ಬೆಚ್ಚಗಿನ ಧ್ವನಿ’ ಎಂದರೇನು?

ಇದು ಬರೀ ಭ್ರಮೆ, ಶ್ರೀಮಂತರ ಷೋಕಿ ಎಂದು ತಳ್ಳಿಹಾಕುವ ಎಂಜಿನಿಯರುಗಳಿದ್ದಾರೆ. ನಾನು ಅವರ ಪಕ್ಷವಲ್ಲ. ಸಂಗೀತಗಾರರ ಕಿವಿ ಬಹಳ ಸೂಕ್ಷ್ಮವಾದ ಉಪಕರಣ. ಅವರು ‘ಏನೋ ಇದೆ’ ಎಂದರೆ ಏನೋ ಇರುತ್ತದೆ. ಅದಕ್ಕೆ ಅವರು ಇಡುವ ಹೆಸರು ಮತ್ತು ಕೊಡುವ ಕಾರಣ ತಪ್ಪಿರಬಹುದು, ಅಷ್ಟೆ.

220 ಹರ್ಟ್ಸ್‌ನ ಎರಡು ಆಂದೋಲಕಗಳ ನಡುವೆ 4 ಸೆಂಟ್ ವ್ಯತ್ಯಾಸವಿದ್ದರೆ ಆವೃತ್ತಿಯ ಅಂತರ ಸುಮಾರು 0.5 ಹರ್ಟ್ಸ್. ಎರಡು ಸೆಕೆಂಡಿಗೊಮ್ಮೆ ಧ್ವನಿ ಉಬ್ಬಿ ಇಳಿಯುತ್ತದೆ. ಶ್ರುತಿಕವೆಗಳನ್ನು ಇಟ್ಟುಕೊಂಡು ಪ್ರಯೋಗಾಲಯದಲ್ಲಿ ಎಣಿಸುವ ವಿಸ್ಪಂದಗಳೇ ಇವು. ಆದರೆ ಗರಗಸ ತರಂಗದಲ್ಲಿ ಮೂಲಸ್ವರದ ಜೊತೆ ಎರಡನೆಯ, ಮೂರನೆಯ, ಹತ್ತನೆಯ ಸಂಗತ ಸ್ವರಗಳೂ ಇವೆ. ಮೂಲಸ್ವರ ಎರಡು ಸೆಕೆಂಡಿಗೊಮ್ಮೆ ಉಬ್ಬಿದರೆ ಹತ್ತನೆಯದು ಸೆಕೆಂಡಿಗೆ ಐದು ಸಲ ಉಬ್ಬುತ್ತದೆ. ಒಂದೊಂದೂ ತನ್ನದೇ ಲಯದಲ್ಲಿ. ಧ್ವನಿಯ ಬಣ್ಣ ಎಡೆಬಿಡದೆ ಹೊರಳುತ್ತಿರುತ್ತದೆ. ತಂಬೂರಿಯ ಮುಂದೆ ಕುಳಿತು ಬೆಳೆದ ಕಿವಿಗೆ ಈ ಹೊರಳುವಿಕೆಯ ಸೊಗಸನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕಾರಣ ಬೇರೆ, ಸುಖ ಹತ್ತಿರದ್ದು.

ಎರಡನೆಯದು ಫಿಲ್ಟರ್. ಮೋಗ್ ಅವರಿಗೆ 1969ರಲ್ಲಿ ಅಮೆರಿಕದ ಪೇಟೆಂಟ್ ದೊರೆತ ಈ ಮಂಡಲ ಏಣಿಯ ಆಕಾರದಲ್ಲಿದೆ: ಟ್ರಾನ್ಸಿಸ್ಟರ್ ಜೋಡಿಗಳ ನಾಲ್ಕು ಮೆಟ್ಟಿಲು, ಮೆಟ್ಟಿಲಿಗೊಂದು ಕೆಪಾಸಿಟರ್. ಗೊತ್ತಾದ ಆವೃತ್ತಿಯ ಮೇಲೆ ಧ್ವನಿ ಸ್ಥಾಯಿಗೆ 24 ಡೆಸಿಬೆಲ್‌ನಂತೆ ಕ್ಷೀಣಿಸುತ್ತದೆ. ಆ ಸೀಮಾ ಆವೃತ್ತಿಯಲ್ಲಿ ಒಂದೊಂದು ಮೆಟ್ಟಿಲೂ ಪ್ರಾವಸ್ಥೆಯನ್ನು 45 ಡಿಗ್ರಿ ಹಿಂದಕ್ಕೆ ಸರಿಸುತ್ತದೆ, ಪಾರವನ್ನು 0.707 ಪಟ್ಟಿಗೆ ಇಳಿಸುತ್ತದೆ. ನಾಲ್ಕೂ ಸೇರಿ 180 ಡಿಗ್ರಿ, ಕಾಲುಭಾಗದ ಪಾರ. ಹೊರಬಂದದ್ದನ್ನು ನಾಲ್ಕು ಪಟ್ಟು ವರ್ಧಿಸಿ, ತಿರುವುಹಾಕಿ ಒಳಕ್ಕೆ ಉಣಿಸಿದರೆ ಫಿಲ್ಟರ್ ತಾನೇ ಹಾಡತೊಡಗುತ್ತದೆ. ಎಂಎಸ್‌ಸಿ ವಿದ್ಯಾರ್ಥಿಗಳು ಒಂದು ಸಂಜೆಯಲ್ಲಿ ಕಾಗದದ ಮೇಲೆ ಸಾಧಿಸಬಹುದಾದ ಫಲಿತಾಂಶ ಇದು. ಮುಖ್ಯ ಸಂಗತಿ ಏನೆಂದರೆ, ಈ ಮೆಟ್ಟಿಲುಗಳು ಸರಳರೇಖೆಯಂತೆ ವರ್ತಿಸುವುದು ಕೆಲವೇ ಮಿಲಿವೋಲ್ಟ್‌ಗಳ ಮಿತಿಯಲ್ಲಿ. ಅದಕ್ಕಿಂತ ಜೋರಾದ ಸಂಕೇತ ಬಂದರೆ ತುದಿಗಳು ಮೆಲ್ಲಗೆ ದುಂಡಗಾಗುತ್ತವೆ. ಮೂರನೆಯ, ಐದನೆಯ ಸಂಗತ ಸ್ವರಗಳು ಹೊಸದಾಗಿ ಹುಟ್ಟುತ್ತವೆ. ‘ಬೆಚ್ಚಗೆ’ ಎಂಬ ಪದದ ಅರ್ಧ ಇಲ್ಲಿದೆ. ಫಿಲ್ಟರಿನ ಮುಂದಿರುವ ಹಂತವನ್ನು ‘ಗದ್ದಲವಿಲ್ಲದ ಆಧುನಿಕ ಚಿಪ್ಪುಗಳಿಂದ’ ಉನ್ನತೀಕರಿಸಿ, ಅಲ್ಲಿನ ಸಂಕೇತದ ಮಟ್ಟವನ್ನು ಬದಲಿಸಿದರೆ ಈ ದುಂಡಗಾಗುವಿಕೆಯೂ ಬದಲಾಗುತ್ತದೆ. ಗದ್ದಲ ಕಡಿಮೆಯಾದದ್ದನ್ನು ವಿವರಣೆಯಲ್ಲಿ ಹೇಳುತ್ತಾರೆ. ಇದನ್ನು ಹೇಳುವುದು ಅಪರೂಪ.

ಇನ್ನೂ ವಿನೋದದ ಸಂಗತಿ ಬೇಕಿದ್ದರೆ ರೋಲ್ಯಾಂಡ್ ಜೂನೋ-106 ನೋಡಿ. 1984ರ ಈ ಜಪಾನೀ ವಾದ್ಯವನ್ನೂ ‘ತೇಲುವ ಆಂದೋಲಕಗಳ ಬೆಚ್ಚನೆಯ ಧ್ವನಿ’ ಎಂದು ಹೊಗಳುವವರಿದ್ದಾರೆ. ಇದರ ಆಂದೋಲಕಗಳು ತೇಲುವುದೇ ಇಲ್ಲ! ಒಂದು ಗಡಿಯಾರ ಮಂಡಲದ ಸ್ಪಂದಗಳನ್ನು ಅಂಕೀಯ ಎಣಿಕೆಯಿಂದ ಭಾಗಿಸಿ ಆವೃತ್ತಿಯನ್ನು ನಿಗದಿಮಾಡುತ್ತಾರೆ. ಆರೂ ಧ್ವನಿಗಳಿಗೆ ಒಂದೇ ಗಡಿಯಾರ. ಶ್ರುತಿಯ ಚಂಚಲತೆಯಿಂದ ಪಾರಾಗುವುದೇ ಆ ವಿನ್ಯಾಸದ ಉದ್ದೇಶ. ಜೂನೋದ ದಪ್ಪ ಧ್ವನಿ ಬರುವುದು ಕೊನೆಯಲ್ಲಿರುವ ಕೋರಸ್ ಮಂಡಲದಿಂದ. ಬಕೆಟ್ ಬ್ರಿಗೇಡ್ ಎನ್ನುವ ಆ ಚಿಪ್ಪುಗಳು, ಬೆಂಕಿ ಆರಿಸಲು ಸಾಲಾಗಿ ನಿಂತವರು ನೀರಿನ ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸುವಂತೆ, ವಿದ್ಯುದಾವೇಶವನ್ನು ಒಂದು ಕೆಪಾಸಿಟರಿನಿಂದ ಮುಂದಿನದಕ್ಕೆ ದಾಟಿಸಿ ಧ್ವನಿಯನ್ನು ತುಸು ತಡಮಾಡುತ್ತವೆ. ತಡವನ್ನು ಹಿಗ್ಗಿಸಿ ಕುಗ್ಗಿಸಿದಾಗ ಹಲವು ವಾದ್ಯಗಳು ಒಟ್ಟಿಗೆ ನುಡಿದ ಭಾಸವಾಗುತ್ತದೆ. ಆ ಮಂಡಲದಲ್ಲಿ ಸಣ್ಣ ಸುಸ್ ಸದ್ದೂ ಇರುತ್ತದೆ. ಅದನ್ನು ಅಡಗಿಸುವುದು ಇನ್ನೊಂದು ‘ಉನ್ನತೀಕರಣ’.

ಬದಲಿಸಬೇಕಾದದ್ದು, ಬದಲಿಸಬಾರದ್ದು

ಇಲ್ಲಿ ಇನ್ನೊಂದು ಗುಂಪಿನವರನ್ನೂ ಟೀಕಿಸಬೇಕು. ಒಳಗಿನ ಒಂದು ಬೆಸುಗೆಯನ್ನೂ ಮುಟ್ಟಬಾರದು, ಮುಟ್ಟಿದರೆ ಮೂಲತನ ಹೋಯಿತು ಎನ್ನುವ ಶುದ್ಧವಾದಿಗಳಿದ್ದಾರೆ. ಅವರು ರಸಾಯನಶಾಸ್ತ್ರವನ್ನು ಮರೆತಿದ್ದಾರೆ. ವಿದ್ಯುತ್ ಪೂರೈಕೆಯ ಭಾಗದಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಒಳಗೆ ದ್ರವವಿದೆ. ಅದು ಕಾಲಕ್ರಮದಲ್ಲಿ ಒಣಗುತ್ತದೆ. ತಾಪ 10 ಡಿಗ್ರಿ ಹೆಚ್ಚಾದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಕೈಲೆಕ್ಕ. ಒಣಗಿದ ಕೆಪಾಸಿಟರು ಏರಿಳಿತವನ್ನು ಸೋಸದು. ಯೂರೋಪಿನಲ್ಲಾದರೆ 100 ಹರ್ಟ್ಸ್, ಅಮೆರಿಕದಲ್ಲಾದರೆ 120 ಹರ್ಟ್ಸ್‌ನ ಗುಂಯ್ ಸದ್ದು ಪ್ರತಿ ಸ್ವರದೊಳಕ್ಕೂ ನುಸುಳುತ್ತದೆ. 1975ರಲ್ಲಿ ಯಾರೂ ಈ ಸದ್ದನ್ನು ಕೇಳಿ ಮೆಚ್ಚಿ ವಾದ್ಯವನ್ನು ಕೊಂಡಿರಲಿಲ್ಲ. ಆ ಕೆಪಾಸಿಟರುಗಳನ್ನು ಬದಲಿಸಿದಾಗಲೇ ವಾದ್ಯ ತನ್ನ ಮೂಲ ಸ್ಥಿತಿಗೆ ಹತ್ತಿರವಾಗುತ್ತದೆ.

ಆದರೆ ‘ಸಂಪೂರ್ಣ ರೀಕ್ಯಾಪ್’ ಎಂದು ಹೆಮ್ಮೆಯಿಂದ ಬರೆದುದನ್ನು ಕಂಡರೆ ನಾನು ಅನುಮಾನಿಸುತ್ತೇನೆ. ಇದ್ದಬದ್ದ ಕೆಪಾಸಿಟರುಗಳನ್ನೆಲ್ಲ ಕಿತ್ತು ಹೊಸದು ಹಾಕಿದ್ದೇವೆ ಎಂದು ಇದರ ಅರ್ಥ. ಆಂದೋಲಕಗಳಲ್ಲಿ, ಫಿಲ್ಟರುಗಳಲ್ಲಿ ಬಳಸುವ ಪಾಲಿಸ್ಟೈರೀನ್‌ನಂಥ ಫಿಲ್ಮ್ ಕೆಪಾಸಿಟರುಗಳಲ್ಲಿ ಒಣಗಲು ದ್ರವವೇ ಇಲ್ಲ. ಅವು ದಶಕಗಳ ಕಾಲ ತಮ್ಮ ಮೌಲ್ಯವನ್ನು ಉಳಿಸಿಕೊಳ್ಳಬಲ್ಲವು. ಬದಲಿಗೆ, ಬೆಸುಗೆ ಕಡ್ಡಿಯ ಬಿಸಿ ತಾಗಿದರೆ ಕೆಡುವಷ್ಟು ನಾಜೂಕಾದವು. ಧ್ವನಿಯ ಬಣ್ಣವನ್ನು ನಿರ್ಧರಿಸುವ ಭಾಗವನ್ನು ವಿನಾ ಕಾರಣ ಕಿತ್ತು, ಅದನ್ನು ಶ್ರಮದ ಲೆಕ್ಕಕ್ಕೆ ಸೇರಿಸಿ ಬೆಲೆ ಏರಿಸುವುದು ಪುನಃಸ್ಥಾಪನೆ ಅಲ್ಲ. ಎಣಿಕೆಯಲ್ಲಿ ದೊಡ್ಡದಾಗಿ ಕಾಣುವ ಕೆಲಸವೇ ಒಳ್ಳೆಯ ಕೆಲಸ ಎಂಬ ನಂಬಿಕೆಗೆ ಇದು ಉದಾಹರಣೆ.

ಇದಕ್ಕೆ ತದ್ವಿರುದ್ಧವಾದ, ಮೆಚ್ಚಬೇಕಾದ ಕೆಲಸವೂ ಇದೆ. ಜೂನೋ-106ರಲ್ಲಿ 80017ಎ ಎಂಬ ಪುಟ್ಟ ಫಲಕಗಳಿವೆ. ಒಂದೊಂದು ಧ್ವನಿಯ ಫಿಲ್ಟರ್ ಮತ್ತು ವರ್ಧಕ ಅದರೊಳಗೆ. ತಯಾರಕರು ಇವುಗಳ ಮೇಲೆ ರಾಳದ ಲೇಪ ಹಚ್ಚಿದ್ದರು. ವರ್ಷಗಳು ಕಳೆದಂತೆ ಆ ಲೇಪದ ದೋಷದಿಂದಲೇ ವಿದ್ಯುತ್ ಸೋರಿಕೆಯಾಗಿ ಧ್ವನಿಗಳು ಒಂದೊಂದಾಗಿ ಕೆಡುತ್ತವೆ ಎಂಬುದು ದುರಸ್ತಿ ಮಾಡುವವರ ಅನುಭವ. ಫಲಕವನ್ನು ಅಸಿಟೋನಿನಲ್ಲಿ ನೆನೆಸಿಟ್ಟು ಲೇಪವನ್ನು ಸುಲಿದು ತೆಗೆದರೆ ಹಲವು ಸಲ ಮೂಲ ಚಿಪ್ಪುಗಳೇ ಮತ್ತೆ ದುಡಿಯುತ್ತವೆ. ಹೊಸದೇನನ್ನೂ ಸೇರಿಸದೆ, ಕೆಟ್ಟದ್ದನ್ನಷ್ಟೆ ತೆಗೆದು ಮಾಡಿದ ದುರಸ್ತಿ. ನಾನು ಅಂಕ ಕೊಡುವುದಾದರೆ ಇದಕ್ಕೆ ಹೆಚ್ಚು ಕೊಡುತ್ತೇನೆ.

ಕೋರ್ಗ್ ಪಾಲಿಸಿಕ್ಸ್ (1981) ವಾದ್ಯದ ಕಥೆ ರಸಾಯನಶಾಸ್ತ್ರದ ಅಧ್ಯಾಪಕರಿಗೆ ಹಿಡಿಸಬಹುದು. ನೆನಪಿನ ಮಂಡಲವನ್ನು ಎಚ್ಚರವಾಗಿಡಲು ಅದರಲ್ಲಿ ನಿಕೆಲ್-ಕ್ಯಾಡ್ಮಿಯಮ್ ಬ್ಯಾಟರಿ ಇತ್ತು. ಅದು ಸೋರಿದಾಗ ಹೊರಬರುವ ಕ್ಷಾರ ಫಲಕದ ತಾಮ್ರದ ದಾರಿಗಳನ್ನು ತಿಂದುಹಾಕುತ್ತದೆ. ಬ್ಯಾಟರಿ ಬದಲಿಸುವುದು ಅನಿವಾರ್ಯ. ಅದರ ಜಾಗಕ್ಕೆ ಲಿಥಿಯಮ್ ಬಿಲ್ಲೆಯನ್ನು ಹಾಕುವವರು ಹಳೆಯ ಚಾರ್ಜಿಂಗ್ ಪ್ರವಾಹವನ್ನು ತಡೆಯಲು ಡಯೋಡ್ ಸೇರಿಸಲೇಬೇಕು. ಆ ಬಿಲ್ಲೆ ಮರುಪೂರಣಕ್ಕೆ ಒಡ್ಡುವಂಥದಲ್ಲ. ಚಾರ್ಜ್ ಮಾಡಹೋದರೆ ಅಪಾಯ. ‘ಹೊಸ ಬ್ಯಾಟರಿ ಹಾಕಿದೆ’ ಎಂಬ ಮೂರು ಪದಗಳ ಹಿಂದೆ ಡಯೋಡ್ ಇದೆಯೇ ಎಂದು ಕೇಳಿ ತಿಳಿಯಬೇಕು. ಹಾಗೆಯೇ ಜಪಾನಿನ ಒಳ ಮಾರುಕಟ್ಟೆಗೆ ತಯಾರಾದ ವಾದ್ಯ 100 ವೋಲ್ಟಿನದು. ಅದನ್ನು ಬೇರೆ ದೇಶಕ್ಕೆ ಮಾರುವವರು ಟ್ರಾನ್ಸ್‌ಫಾರ್ಮರ್ ಬದಲಿಸಿದ್ದಾರೋ, ಹೊರಗೊಂದು ಇಟ್ಟಿದ್ದಾರೋ, ಏನೂ ಮಾಡಿಲ್ಲವೋ ಎಂಬುದು ಧ್ವನಿಯ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ.

ಉನ್ನತೀಕರಣಗಳಲ್ಲಿ ಹೆಚ್ಚು ಬೇಡಿಕೆಯದು ಮಿಡಿ. ಮಾವಿನ ಮಿಡಿಯಲ್ಲ, ವಾದ್ಯಗಳು ಪರಸ್ಪರ ಮತ್ತು ಕಂಪ್ಯೂಟರಿನೊಡನೆ ಮಾತನಾಡಲು 1983ರಲ್ಲಿ ಬಂದ ಅಂಕೀಯ ಭಾಷೆ. ಅದಕ್ಕೆ ಮುಂಚಿನ ವಾದ್ಯಗಳಿಗೆ ಇದನ್ನು ಸೇರಿಸಿದರೆ ಇಂದಿನ ಸಂಗೀತಗಾರರಿಗೆ ನಿಜವಾದ ಉಪಯೋಗವಿದೆ. ಇದರಲ್ಲಿ ತಪ್ಪು ಹುಡುಕುವುದು ಹಟವಾದೀತು. ಆದರೆ ಸೇರಿಸುವ ರೀತಿಯಲ್ಲಿ ಅಂತರವಿದೆ. ಈಗಿರುವ ಕಿಂಡಿಯೊಂದನ್ನು ಬಳಸಿ, ನಾಳೆ ಬೇಡವೆಂದರೆ ತೆಗೆಯುವಂತೆ ಜೋಡಿಸಬಹುದು. ಲೋಹದ ಫಲಕಕ್ಕೆ ರಂಧ್ರ ಕೊರೆದು, ಮೂಲ ಫಲಕದ ತಾಮ್ರದ ದಾರಿಗಳನ್ನು ಕತ್ತರಿಸಿಯೂ ಜೋಡಿಸಬಹುದು. ವಸ್ತುಸಂಗ್ರಹಾಲಯದವರು ತಮ್ಮ ಸಂರಕ್ಷಣಾ ಕೆಲಸದಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು ‘ಇದನ್ನು ಹಿಂದಕ್ಕೆ ಮರಳಿಸಬಹುದೇ?’ ಎಂಬುದು. ಕೊರೆದ ರಂಧ್ರ ಮರಳುವುದಿಲ್ಲ.

ಯಾವ ಸ್ಥಿತಿಗೆ ಮರಳಿಸಬೇಕು?

ಮೂಲ ಸ್ಥಿತಿ ಯಾವುದೆಂದು ಗೊತ್ತಿಲ್ಲದೆ ಮೂಲ ಸ್ಥಿತಿಗೆ ಮರಳಿಸಿದೆ ಎನ್ನುವುದು ಅಳತೆಗೋಲಿಲ್ಲದೆ ಉದ್ದ ಹೇಳಿದಂತೆ. ಪ್ರಾಫೆಟ್-5 ಎಂಬ ವಾದ್ಯವನ್ನು ತೆಗೆದುಕೊಳ್ಳಿ. 1978ರಲ್ಲಿ ಬಂದ ಇದರ ಮೊದಲೆರಡು ಆವೃತ್ತಿಗಳಲ್ಲಿ ಎಸ್‌ಎಸ್‌ಎಂ ಚಿಪ್ಪುಗಳು, ಮೂರನೆಯದರಲ್ಲಿ ಕರ್ಟಿಸ್ ಸಂಸ್ಥೆಯ ಚಿಪ್ಪುಗಳು. ಹೆಸರು ಒಂದೇ, ಮಂಡಲ ಬೇರೆ. ಅದರಲ್ಲಿ ಸೂಕ್ಷ್ಮ ಸಂಸ್ಕಾರಕವೊಂದಿದ್ದು, ಗುಂಡಿ ಒತ್ತಿದರೆ ಅದೇ ಹತ್ತೂ ಆಂದೋಲಕಗಳ ಆವೃತ್ತಿಯನ್ನು ಅಳೆದು ತಿದ್ದುತ್ತದೆ. ಅಂದರೆ ಚಂಚಲತೆಯನ್ನು ಅಂದಿನ ವಿನ್ಯಾಸಕರೇ ದೋಷವೆಂದು ಬಗೆದು ಅದರೊಡನೆ ಹೋರಾಡುತ್ತಿದ್ದರು. ಮಿನಿಮೋಗ್‌ನಲ್ಲೂ ಆಂದೋಲಕ ಫಲಕ ಬದಲಾಗುತ್ತ ಬಂತು. ಹಾಗಿದ್ದರೆ 1971ರ ಮಿನಿಮೋಗ್‌ಗೆ 1979ರ ಬಗೆಯ ಫಲಕ ಹಾಕಿದರೆ ಅದು ಪುನಃಸ್ಥಾಪನೆಯೋ, ಉನ್ನತೀಕರಣವೋ? ನನ್ನ ಪ್ರಕಾರ ಎರಡನೆಯದು. ಬಿಡಿಭಾಗ ಅದೇ ಕಾರ್ಖಾನೆಯದಾದರೂ ಸರಿ.

ಆಧಾರವಾಗಿ ಉಳಿದಿರುವುದು ತಯಾರಕರ ದುರಸ್ತಿ ಕೈಪಿಡಿ, ಮಂಡಲದ ನಕ್ಷೆ, ಅದರಲ್ಲಿ ಕೊಟ್ಟ ಹೊಂದಾಣಿಕೆಯ ಮೌಲ್ಯಗಳು. ಇನ್ನೊಂದು ಆಧಾರ ಆ ಕಾಲದ ಧ್ವನಿಮುದ್ರಣ. ಈ ವಿಷಯದಲ್ಲಿ ಭಾರತಕ್ಕೂ ಒಂದು ಪಾಲಿದೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಕಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೋಗ್ ಸಿಂಥಸೈಜರ್ ಇದ್ದ ಸ್ಟುಡಿಯೊ ಒಂದು ಆರಂಭವಾಯಿತು. ಅದು ಮಿನಿಮೋಗ್‌ಗಿಂತ ಹಿಂದಿನ, ಬಿಡಿ ಘಟಕಗಳನ್ನು ತಂತಿಗಳಿಂದ ಜೋಡಿಸಿ ನುಡಿಸುವ ದೊಡ್ಡ ವಾದ್ಯ. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಮೊದಲಾದವರು ಅದರಲ್ಲಿ ಕೆಲಸ ಮಾಡಿದರು. 1969ರಿಂದ 1972ರವರೆಗಿನ ಆ ಟೇಪುಗಳಿಂದ ಆಯ್ದ ಸಂಗ್ರಹ 2023ರಲ್ಲಿ ಹೊರಬಂತು. ವಾದ್ಯ ಹೊಸದಾಗಿದ್ದಾಗ ಹೇಗೆ ನುಡಿಯುತ್ತಿತ್ತು ಎಂಬುದಕ್ಕೆ ಇಂಥ ಟೇಪು ಸಾಕ್ಷಿ. ಟೇಪಿಗೂ ತನ್ನದೇ ದೋಷಗಳಿವೆ ಎಂಬುದು ನಿಜ. ಆದರೂ ಯಾರೂ ಅದಕ್ಕೆ ಹೊಸ ಚಿಪ್ಪು ಹಾಕಿಲ್ಲ.

ಬೆಲೆಯ ಬಗ್ಗೆ ಎರಡು ಮಾತು. 1983ರಲ್ಲಿ ಯಮಾಹಾ ಡಿಎಕ್ಸ್7 ಎಂಬ ಅಂಕೀಯ ಸಿಂಥಸೈಜರ್ ಬಂದ ಮೇಲೆ ಅನಲಾಗ್ ವಾದ್ಯಗಳನ್ನು ಜನ ಅಗ್ಗಕ್ಕೆ ಮಾರಿಕೊಂಡರು. ರೋಲ್ಯಾಂಡ್ ಟಿಬಿ-303 ಎಂಬ ಪುಟ್ಟ ಬೇಸ್ ಯಂತ್ರ ಮಾರುಕಟ್ಟೆಯಲ್ಲಿ ಸೋತು 1984ರಲ್ಲಿ ತಯಾರಿಕೆ ನಿಂತಿತು. ಮುಂದೆ ಶಿಕಾಗೋದ ನೃತ್ಯಸಂಗೀತಗಾರರ ಕೈಗೆ ಅಗ್ಗದಲ್ಲಿ ಸಿಕ್ಕಿ ಅದೊಂದು ದಂತಕಥೆಯಾಯಿತು. ಅದಕ್ಕೂ ಮೊದಲೇ, 1982ರಲ್ಲಿ, ಮುಂಬಯಿಯ ಚರಣ್‌ಜಿತ್ ಸಿಂಗ್ ಅದೇ ಯಂತ್ರವನ್ನೂ ಬಳಸಿ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಕೆ ತಂದಿದ್ದರು. 2010ರಲ್ಲಿ ಅದರ ಮರುಮುದ್ರಣವಾದ ಮೇಲೆ ಪಾಶ್ಚಾತ್ಯರು ಬೆರಗಾದರು. ಟ್ರಾನ್ಸಿಸ್ಟರುಗಳು ಅವೇ, ಭೌತವಿಜ್ಞಾನ ಅದೇ. ಬೆಲೆ ಮಾತ್ರ ಇಳಿದು ಏರಿತು. ಮೋಗ್ ಸಂಸ್ಥೆಯೇ 2016ರಲ್ಲಿ, ಮತ್ತೆ 2022ರಲ್ಲಿ ಮಿನಿಮೋಗ್ ಮಾಡೆಲ್ ಡಿಯನ್ನು ಹೊಸದಾಗಿ ತಯಾರಿಸಿತು. ಬೇರೆ ಸಂಸ್ಥೆಯೊಂದರ ಅನುಕರಣೆ ಕೆಲವೇ ನೂರು ಡಾಲರಿಗೆ ಸಿಗುತ್ತದೆ. 2020ರಲ್ಲಿ ಮರಳಿ ಬಂದ ಪ್ರಾಫೆಟ್-5ರ ನಾಲ್ಕನೆಯ ಆವೃತ್ತಿಯಲ್ಲಂತೂ ‘ವಿಂಟೇಜ್’ ಎಂಬ ಒಂದು ತಿರುಗುಗುಂಡಿಯಿದೆ. ಅದನ್ನು ತಿರುಗಿಸಿದರೆ ಧ್ವನಿಗಳ ನಡುವೆ ಬೇಕಾದಷ್ಟು ಹೊಂದಾಣಿಕೆ ತಪ್ಪುತ್ತದೆ. ಒಂದು ತಲೆಮಾರಿನ ಎಂಜಿನಿಯರುಗಳು ಹೆಣಗಾಡಿ ಹೋಗಲಾಡಿಸಿದ ದೋಷಕ್ಕೆ ಮುಂದಿನ ತಲೆಮಾರಿನವರು ಗುಂಡಿ ಇಟ್ಟರು.

ಆದ್ದರಿಂದ ಹಳೆಯ ವಾದ್ಯಕ್ಕೆ ಹೆಚ್ಚು ಬೆಲೆ ಕೇಳುವವರು ಅದು ಹಳೆಯದಾಗಿಯೇ ಉಳಿದಿದೆ ಎಂದು ತೋರಿಸುವುದು ನ್ಯಾಯ. ಅವರು ಕೊಡುವ ಧ್ವನಿಯ ಮಾದರಿ ಸಾಮಾನ್ಯವಾಗಿ ಪ್ರತಿಧ್ವನಿ, ಅನುರಣನಗಳಲ್ಲಿ ಮುಳುಗಿರುತ್ತದೆ. ನಾವು ಕೇಳುವುದು ವಾದ್ಯವನ್ನಲ್ಲ, ಅದರ ಸುತ್ತ ಕಟ್ಟಿದ ಕೃತಕ ದೇವಸ್ಥಾನದ ಪ್ರಾಂಗಣವನ್ನು. ಬೇಕಾದದ್ದು ಬರಿಯ ಧ್ವನಿ. ಒಂದೇ ಆಂದೋಲಕ, ಫಿಲ್ಟರ್ ಪೂರ್ತಿ ತೆರೆದು, ಪ್ರತಿ ಸ್ಥಾಯಿಯ ಒಂದೊಂದು ಸ್ವರ. ಸ್ವಿಚ್ ಹಾಕಿದ ಐದನೆಯ ನಿಮಿಷದಲ್ಲೊಮ್ಮೆ, ಒಂದು ಗಂಟೆಯ ನಂತರ ಒಮ್ಮೆ. ಕೋಣೆಯ ತಾಪವನ್ನು ಬರೆದಿಡಬೇಕು. ಸೆಂಟುಗಳಲ್ಲಿ ಶ್ರುತಿ ತೋರಿಸುವ ಮೊಬೈಲ್ ತಂತ್ರಾಂಶಗಳು ಈಗ ಉಚಿತವಾಗಿ ಸಿಗುತ್ತವೆ. ಇದಕ್ಕೆ ಅಷ್ಟು ಸಾಕು. ಮೇಲೆ ಹೇಳಿದ ಸ್ಥಾಯಿಗೆ 4 ಸೆಂಟ್ ಎಂಬ ಲೆಕ್ಕವನ್ನು ಈ ಅಳತೆಗಳೊಡನೆ ಹೋಲಿಸಿದರೆ ಒಳಗೆ ತಾಪ ಸರಿದೂಗಿಸುವ ವ್ಯವಸ್ಥೆ ಕೆಲಸ ಮಾಡುತ್ತಿದೆಯೇ ಎಂಬುದು ಮುಚ್ಚಳ ತೆಗೆಯದೆಯೇ ಗೊತ್ತಾಗುತ್ತದೆ. ಕಾಲೇಜಿನಲ್ಲಿ ಮಿನಿಮೋಗ್ ಎಲ್ಲಿಂದ ತರುವುದು ಎಂದು ಕೇಳಬೇಡಿ. ಒಂದು ಬ್ರೆಡ್‌ಬೋರ್ಡ್, ಸಮಜೋಡಿ ಟ್ರಾನ್ಸಿಸ್ಟರುಗಳು, ಒಂದು ಆಪ್-ಆಂಪ್, ಒಂದು ಮಲ್ಟಿಮೀಟರ್ ಇದ್ದರೆ ಘಾತೀಯ ಪರಿವರ್ತಕವನ್ನು ಕಟ್ಟಿ, ಟ್ರಾನ್ಸಿಸ್ಟರನ್ನು ಬೆರಳಲ್ಲಿ ಹಿಡಿದು ಪ್ರವಾಹ ಬದಲಾಗುವುದನ್ನು ವಿದ್ಯಾರ್ಥಿಗಳಿಗೆ ತೋರಿಸಬಹುದು.

ಮಾರುವವರು ಕೊಡಬೇಕಾದ ಇನ್ನೊಂದು ದಾಖಲೆಯೆಂದರೆ ತೆಗೆದ ಭಾಗಗಳ ಪಟ್ಟಿ. ಸಾಧ್ಯವಾದರೆ ಆ ಭಾಗಗಳೇ, ಒಂದು ಲಕೋಟೆಯಲ್ಲಿ, ಯಾವುದು ಎಲ್ಲಿದ್ದದ್ದು ಎಂಬ ಚೀಟಿಯೊಡನೆ. ಒಣಗಿದ ಎಲೆಕ್ಟ್ರೊಲಿಟಿಕ್‌ಗಳಿಂದ ಯಾರಿಗೂ ಉಪಯೋಗವಿಲ್ಲ, ಅವನ್ನು ಎಸೆಯಲಿ. ಮ್ಯೂ-ಎ-726ರ ಮಾತು ಬೇರೆ. ಅದರ ತಯಾರಿಕೆ ನಿಂತು ದಶಕಗಳಾಗಿವೆ, ಬಿಡಿಯಾಗಿಯೇ ಒಳ್ಳೆಯ ಬೆಲೆಯಿದೆ. ‘ಆಂದೋಲಕಗಳನ್ನು ಉನ್ನತೀಕರಿಸಲಾಗಿದೆ’ ಎಂದು ಬರೆದ ವಾದ್ಯದಿಂದ ಹೊರಬಂದ ಮೂಲ ಚಿಪ್ಪು ಇನ್ನೊಬ್ಬರ ಅಂಗಡಿಯಲ್ಲಿ ‘ಅಪರೂಪದ ಮೂಲ ಬಿಡಿಭಾಗ’ವಾಗಿ, ಮತ್ತೊಂದು ಮಿನಿಮೋಗ್‌ನ ಪುನಃಸ್ಥಾಪನೆಗೆಂದು ಮಾರಾಟವಾಗಬಹುದು.